‘ರೋಧ’ವಲ್ಲದ ಓಮ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ನಮಸ್ಕಾರ. ಹವ್ಯಾಸಿ ರೇಡಿಯೊ ಮಂಡಲಗಳನ್ನು ಕುರಿತು ಬರೆಯುತ್ತಿರುವ ಲೇಖನವು ‘ಇಂಪೀಡೆನ್ಸ್’ (ಪರ್ಯಾಯ ವಿದ್ಯುತ್ತಿಗೆ ಎದುರಾಗುವ ಒಟ್ಟು ತಡೆ) ಎಂಬ ಒಂದು ಪದದ ಬಳಿ ಬಂದು ನಿಂತಿದೆ. ಬಲ್ಲವರು ದಾರಿ ತೋರಬೇಕೆಂದು ಕೋರುತ್ತೇನೆ.

ಟ್ರಾನ್ಸಿಸ್ಟರಿಗೂ ಸ್ಪೀಕರಿಗೂ ನಡುವೆ ಜೋಡಿಸುವ ಪುಟ್ಟ ಶ್ರವ್ಯ ಪರಿವರ್ತಕದ (ಟ್ರಾನ್ಸ್‌ಫಾರ್ಮರಿನ) ವಿವರದಲ್ಲಿ ‘1000 ಓಮ್ : 8 ಓಮ್’ ಎಂದಿರುತ್ತದೆ. ನಾನು ಇದನ್ನು ‘ರೋಧ’ (ರೆಸಿಸ್ಟೆನ್ಸ್) ಎಂದು ಬರೆದಿದ್ದೆ. ಕರಡನ್ನು ಓದಿದ ಗೆಳೆಯರೊಬ್ಬರು ಪ್ರಾಥಮಿಕ ಸುರುಳಿಗೆ ಮಲ್ಟಿಮೀಟರ್ ಹಿಡಿದರೆ ಅದು ನೂರು ಓಮನ್ನೂ ಮುಟ್ಟಲಿಲ್ಲ. ಒಳಗೆ ಷಾರ್ಟ್ ಆಗಿದೆಯೆಂದು ಅವರು ಸರಿಯಾಗಿದ್ದ ಪರಿವರ್ತಕವನ್ನೇ ಬದಿಗಿಟ್ಟರು. ನಾನು ಬಳಸಿದ ಪದವೇ ಅವರನ್ನು ದಾರಿ ತಪ್ಪಿಸಿತು.

ಮೀಟರು ಅಳೆದದ್ದು ನೇರ ವಿದ್ಯುತ್ತಿಗೆ ತಂತಿಯು ಒಡ್ಡುವ ರೋಧವನ್ನು. ವಿವರದಲ್ಲಿರುವ 1000 ಓಮ್ ಎಂಬುದಾದರೋ, ದ್ವಿತೀಯಕ ಸುರುಳಿಗೆ 8 ಓಮಿನ ಸ್ಪೀಕರನ್ನು ಜೋಡಿಸಿದಾಗ ಶ್ರವ್ಯ ಆವರ್ತನಗಳಲ್ಲಿ ಟ್ರಾನ್ಸಿಸ್ಟರಿಗೆ ಎದುರಾಗುವ ಹೊರೆ. ಸುತ್ತುಗಳ ಅನುಪಾತ ಸುಮಾರು 11.2, ಅದರ ವರ್ಗ 125, ಅದರ ಎಂಟು ಪಟ್ಟು 1000. ಸ್ಪೀಕರು 4 ಓಮಿನದಾದರೆ ಅದೇ ಸುರುಳಿಯಲ್ಲಿ ಎದುರಾಗುವುದು 500 ಓಮ್. ಆವರ್ತನಕ್ಕೂ ಇದರಲ್ಲಿ ಪಾಲಿದೆ: ಪ್ರಾಥಮಿಕ ಸುರುಳಿಯ ಪ್ರೇರಕತೆ (ಇಂಡಕ್ಟೆನ್ಸ್) 1 ಹೆನ್ರಿ ಎಂದಿಟ್ಟುಕೊಂಡರೆ 1000 ಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ ಸುಮಾರು 6280 ಓಮ್ ಆಗಿ ಹೊರೆಗೆ ತೊಡಕಾಗದು, 100 ಹರ್ಟ್ಸ್‌ನಲ್ಲಿ ಅದು 628ಕ್ಕೆ ಇಳಿದು, ಸ್ಪೀಕರಿನ ಪಾಲಿಗೆ ಬರಬೇಕಾದ ವಿದ್ಯುತ್ತು ಸುರುಳಿಯಲ್ಲೇ ಹರಿದುಹೋಗಿ ತಗ್ಗು ಸ್ವರಗಳು ಸೊರಗುತ್ತವೆ. ಆವರ್ತನದೊಂದಿಗೆ ಹೀಗೆ ಏರಿಳಿಯುವ ಸಂಗತಿಯನ್ನು ತಂತಿಯ ರೋಧದ ಹೆಸರಿನಿಂದಲೇ ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

ಇಂಗ್ಲಿಷ್ ವಿಜ್ಞಾನಿ ಆಲಿವರ್ ಹೆವಿಸೈಡ್ 1886ರಲ್ಲಿ ‘ಇಂಪೀಡೆನ್ಸ್’ ಪದವನ್ನು ಟಂಕಿಸಿದಾಗ ಆಧಾರವಾಗಿದ್ದುದು ‘ಅಡ್ಡಿಪಡಿಸು’ ಎಂಬರ್ಥದ ಕ್ರಿಯಾಪದ. ಆ ದಾರಿಯಲ್ಲಿ ‘ಪ್ರತಿರೋಧ’ ಎನ್ನಬಹುದಿತ್ತು, ಆದರೆ ‘ರೋಧ’ಕ್ಕೂ ಅದಕ್ಕೂ ಇರುವ ಅಂತರವನ್ನು ಹೊಸ ಓದುಗರು ಗಮನಿಸಲಾರರು. ‘ಪ್ರತಿಬಾಧೆ’ ಬೇರೆಯಾಗಿಯೇ ನಿಲ್ಲುತ್ತದೆ. ಸದ್ಯಕ್ಕೆ ನನ್ನ ಒಲವು ಅದರ ಕಡೆಗೆ.

ಇನ್ನೂ ಕಠಿಣವಾದದ್ದು, ಸ್ಪೀಕರಿನ ಹೊರೆ ಪರಿವರ್ತಕದ ಮೂಲಕ ಟ್ರಾನ್ಸಿಸ್ಟರಿಗೆ ಬೇರೆ ಅಳತೆಯಲ್ಲಿ ಎದುರಾಗುವುದನ್ನು ಹೇಳುವ ವಿಶೇಷಣ. ‘ಪ್ರತಿಫಲಿತ’ ಎಂದರೆ ಕನ್ನಡಿಯ ಬೆಳಕು ಕಣ್ಣಿಗೆ ಕಟ್ಟುತ್ತದೆ. ‘ತೋರಿಕೆಯ’ ಎಂದರೆ ಹುಸಿ ಎಂಬ ಧ್ವನಿ ಬರುತ್ತದೆ, ಆದರೆ ಟ್ರಾನ್ಸಿಸ್ಟರಿನ ಪಾಲಿಗೆ ಆ ಹೊರೆ ನಿಜವಾದದ್ದು. ‘ಎದುರುಗೊಳ್ಳುವ ಪ್ರತಿಬಾಧೆ’ ಎಂದರೆ ಅರ್ಥವಾಗುವುದೇ? ಇದಕ್ಕಿಂತ ಚಿಕ್ಕ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿರಿ.