ಪದಚರ್ಚೆ: ‘ದಿನ’ ಸಾಕಾ, ‘ದಿನಾಚರಣೆ’ ಬೇಕಾ?

ಎಲ್ಲರಿಗೂ ನಮಸ್ಕಾರ.

ನಾನು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ನಮ್ಮ ಶಾಲೆಯ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ವಿಶೇಷ ದಿನ ಬಂದರೆ ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆಯುವ ಕೆಲಸ ನನ್ನದು. ಕಳೆದ ನವೆಂಬರ್ 14ಕ್ಕೆ ಒಂದೇ ಹಲಗೆ ಮೇಲೆ ಮೂರು ಸಾಲು ಬರೆಯಬೇಕಾಯಿತು. ಮೊದಲನೆಯದು ಮಕ್ಕಳ ದಿನಾಚರಣೆ. ಆರೋಗ್ಯ ಕೇಂದ್ರದವರು ಬಂದು ಮಾತಾಡುವವರಿದ್ದರು, ಹಾಗಾಗಿ ಎರಡನೆಯದು ವಿಶ್ವ ಮಧುಮೇಹ ದಿನಾಚರಣೆ. ಗ್ರಂಥಾಲಯದವರು ಪುಸ್ತಕ ತಂದು ಜೋಡಿಸುವವರಿದ್ದರು, ಅದಕ್ಕೆ ಗ್ರಂಥಾಲಯ ಸಪ್ತಾಹ.

ಎರಡನೇ ಸಾಲು ಮುಗಿಸುವ ಹೊತ್ತಿಗೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಬಂದು ನಿಂತಳು. “ಸರ್, ಸಕ್ಕರೆ ಕಾಯಿಲೆನ ಯಾರಾದ್ರೂ ಆಚರಿಸ್ತಾರಾ? ನಮ್ಮಜ್ಜಿಗೆ ಅದರಿಂದಾನೇ ಕಾಲಿನ ಬೆರಳು ತೆಗೆದ್ರು” ಅಂದಳು. ನಾನು ‘ಆಚರಣೆ’ ಒರೆಸಿ ‘ಮಧುಮೇಹ ದಿನ’ ಅಂತ ಮಾಡಿದೆ. ಆದರೆ ಅವಳ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ, ಇಲ್ಲಿ ಕೇಳೋಣ ಅಂತ ಬಂದೆ.

ಮೊದಲು ಆ ತಾರೀಖಿನ ಮಾತು. ನೆಹರೂ ಹುಟ್ಟಿದ್ದು 1889ರ ನವೆಂಬರ್ 14. ನಮ್ಮ ದೇಶದಲ್ಲಿ ಅದೇ ಮಕ್ಕಳ ದಿನವಾಗಿ ನಿಂತಿತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ತಾರೀಖು, 1891ರಲ್ಲಿ. ಆ ಕಾರಣಕ್ಕೆ 1991ರಿಂದ ಅದು ಮಧುಮೇಹ ದಿನ. ಗ್ರಂಥಾಲಯ ಸಪ್ತಾಹ, ಸಹಕಾರ ಸಪ್ತಾಹ ಎರಡೂ ಶುರುವಾಗುವುದು ಅವತ್ತೇ, 20ಕ್ಕೆ ಮುಗಿಯುತ್ತವೆ.

ಈಗ ಪದಕ್ಕೆ ಬರೋಣ. ದಿನ ಮತ್ತು ಆಚರಣೆ ಸೇರಿ ದಿನಾಚರಣೆ, ಸವರ್ಣದೀರ್ಘ ಸಂಧಿ. ಅಂದರೆ ದಿನವನ್ನು ಆಚರಿಸುವ ಕೆಲಸ. ಆದರೆ ನಾವು ಆಡುವಾಗ ಅದು ಕೆಲಸದ ಹೆಸರಾಗಿ ಉಳಿದಿಲ್ಲ, ದಿನದ ಹೆಸರೇ ಆಗಿಬಿಟ್ಟಿದೆ. “ನಾಳೆ ಮಕ್ಕಳ ದಿನಾಚರಣೆ” ಅಂತೀವಿ. ಮಕ್ಕಳು “ದಿನಾಚರಣೆ ದಿನ ಯೂನಿಫಾರಂ ಬೇಡ ಅಲ್ವಾ ಸರ್?” ಅಂತ ಕೇಳುತ್ತಾರೆ. ವರದಿಗಳಲ್ಲಿ “ದಿನಾಚರಣೆಯನ್ನು ಆಚರಿಸಲಾಯಿತು” ಅಂತ ಬರುತ್ತೆ. ಆಚರಣೆಯನ್ನು ಮತ್ತೆ ಆಚರಿಸುವುದು! ‘ಗಣರಾಜ್ಯೋತ್ಸವ ದಿನಾಚರಣೆ’ ಅನ್ನುವಲ್ಲಿ ಉತ್ಸವ ಆಗಲೇ ಇದೆ, ಅದರ ಮೇಲೆ ದಿನ, ಅದರ ಮೇಲೆ ಆಚರಣೆ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಇದನ್ನು ನಾನು ತಿದ್ದುತ್ತೇನೆ. ಆಡುವ ಮಾತಲ್ಲಿ ತಿದ್ದಲು ಹೋಗುವುದಿಲ್ಲ.

ಇನ್ನೊಂದನ್ನು ಗಮನಿಸಿದ್ದೇನೆ. ಶಾಲೆ, ಸರ್ಕಾರದ ದಾರಿಯಲ್ಲಿ ಬಂದ ದಿನಗಳಿಗೆ ನಮ್ಮ ಬಾಯಲ್ಲಿ ‘ದಿನಾಚರಣೆ’ ಜಾಸ್ತಿ ಅಂಟಿಕೊಂಡಿದೆ. ಶಿಕ್ಷಕರ ದಿನಾಚರಣೆ, ಸ್ವಾತಂತ್ರ್ಯ ದಿನಾಚರಣೆ, ಪರಿಸರ ದಿನಾಚರಣೆ. ಅಂಗಡಿ, ಟಿವಿ, ಮೊಬೈಲಿನಿಂದ ಬಂದವಕ್ಕೆ ಬರೀ ‘ದಿನ’ ಸಾಕಾಗುತ್ತೆ. ಅಮ್ಮಂದಿರ ದಿನ, ಪ್ರೇಮಿಗಳ ದಿನ. ‘ಪ್ರೇಮಿಗಳ ದಿನಾಚರಣೆ’ ಅಂದರೆ ವೇದಿಕೆ, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲ ಕಣ್ಣ ಮುಂದೆ ಬರುತ್ತೆ. ಹಾಗಾಗಿ ‘ದಿನಾಚರಣೆ’ ಅನ್ನೋ ಪದದೊಳಗೆ ಒಂದು ಕಾರ್ಯಕ್ರಮ ಕೂತಿದೆ ಅಂತ ನನಗೆ ಅನಿಸುತ್ತೆ.

ಹುಡುಗಿಯ ಪ್ರಶ್ನೆ ಮಾತ್ರ ಇದಕ್ಕಿಂತ ಆಳದ್ದು. ಅವಳ ಕಿವಿಗೆ ಆಚರಣೆ ಅಂದರೆ ಸಂಭ್ರಮ. ನಿಜವಾಗಿ ಹಾಗಿದೆಯಾ? ಈ ಪದದಲ್ಲಿರುವ ಸಂಸ್ಕೃತದ ‘ಚರ್’ ಅಂದರೆ ನಡೆ, ಓಡಾಡು ಅಂತ. ಆಚರಿಸು ಅಂದರೆ ಒಂದು ಕಟ್ಟಳೆಯಂತೆ ನಡೆದುಕೊಳ್ಳು. ಅದರಲ್ಲಿ ಖುಷಿಯೂ ಇಲ್ಲ, ದುಃಖವೂ ಇಲ್ಲ. ಶೋಕಾಚರಣೆ ಅಂತೀವಿ, ಮೌನಾಚರಣೆ ಅಂತೀವಿ. ಸೂತಕ ಆಚರಿಸುತ್ತಾರೆ. ‘ಅಸ್ಪೃಶ್ಯತೆ ಆಚರಣೆ ಅಪರಾಧ’ ಅನ್ನೋ ಗೋಡೆಬರಹ ಎಷ್ಟು ಊರಲ್ಲಿ ನೋಡಿಲ್ಲ! ನವೆಂಬರ್ 1ನ್ನೇ ತೆಗೆದುಕೊಳ್ಳಿ. ನಾವೆಲ್ಲ ರಾಜ್ಯೋತ್ಸವ ಆಚರಿಸುವ ದಿನವೇ ಬೆಳಗಾವಿಯಲ್ಲಿ, ಆ ಊರು ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಎಂಇಎಸ್‌ನವರು ‘ಕರಾಳ ದಿನ’ ಆಚರಿಸುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ.

ಅಂದಮೇಲೆ ‘ಮಧುಮೇಹ ದಿನಾಚರಣೆ’ ತಪ್ಪಲ್ಲ. ನಾನು ಒರೆಸಬೇಕಾಗಿರಲಿಲ್ಲ. ಆದರೆ ವಾಟ್ಸಾಪಿನಲ್ಲಿ ಓಡಾಡುವ ‘ವಿಶ್ವ ಮಧುಮೇಹ ದಿನದ ಶುಭಾಶಯಗಳು’ ಖಂಡಿತ ತಪ್ಪು. ಜನವರಿ 30ರ ಹುತಾತ್ಮರ ದಿನಕ್ಕೂ ಶುಭಾಶಯ ಹೇಳುವವರನ್ನು ನೋಡಿ ಮನಸ್ಸಿಗೆ ನೋವಾಗಿದೆ. ಗಾಂಧಿ ಗುಂಡೇಟು ತಿಂದ ದಿನ ಅದು. ನಮ್ಮಲ್ಲಿ ಅದಕ್ಕೆ ಸರ್ವೋದಯ ದಿನ ಅಂತಲೂ ಹೆಸರಿದೆ. ಕಿವಿಯಲ್ಲಿ ಆಚರಣೆಯ ಅರ್ಥ ಸಂಭ್ರಮದ ಕಡೆಗೇ ವಾಲಿಬಿಟ್ಟಿರುವುದರಿಂದ ಹೀಗಾಗುತ್ತಿದೆಯೇನೋ.

ಹಾಗಾದರೆ ಸಂಭ್ರಮ ಇಲ್ಲದೆ ಒಂದು ದಿನವನ್ನು ಪಾಲಿಸುವುದಕ್ಕೆ ನಮ್ಮ ಜನರ ಬಾಯಲ್ಲಿ ಏನು ಮಾತಿದೆ? ಮನೆಯಲ್ಲಿ ಯಾರೂ “ಹಬ್ಬ ಆಚರಿಸ್ತೀವಿ” ಅನ್ನುವುದಿಲ್ಲ, “ಹಬ್ಬ ಮಾಡ್ತೀವಿ” ಅಂತಾರೆ. (ಹಬ್ಬ ‘ಪರ್ವ’ದಿಂದ ಬಂದದ್ದು. ಪರ್ವ ಅಂದರೆ ಗೆಣ್ಣು. ಕಬ್ಬಿನ ಗೆಣ್ಣಿನ ಹಾಗೆ ವರ್ಷದ ನಡುನಡುವೆ ಬರುವ ಗಂಟು.) ನಮ್ಮಮ್ಮ “ಇವತ್ತು ಒಪ್ಪತ್ತು ಇದೀನಿ” ಅನ್ನುತ್ತಿದ್ದರು. ಪಕ್ಕದ ಮನೆಯವರು ರೋಜಾ ಇರುತ್ತಾರೆ. ಇಲ್ಲೆಲ್ಲ ‘ಇರು’ ಅನ್ನುವುದೇ ಕೆಲಸ ಮಾಡುತ್ತೆ.

ಗದಗಿನ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಇನ್ನೂ ಎರಡು ಕೊಟ್ಟರು. ಒಂದು, ವಾರ ಹಿಡಿಯುವುದು. ಊರೆಲ್ಲ ಸೇರಿ ಇಷ್ಟು ಮಂಗಳವಾರ ಅಂತ ಗೊತ್ತು ಮಾಡಿಕೊಂಡು, ಆ ದಿನ ಹೊಲಕ್ಕೆ ಹೋಗುವುದಿಲ್ಲ. “ಊರಾಗ ವಾರ ಹಿಡದಾರ್ರೀ, ಇವತ್ತು ಯಾರೂ ಗಳೇ ಹೂಡಂಗಿಲ್ಲ” ಅಂತಾರಂತೆ. ಇನ್ನೊಂದು, ನಡೆದುಕೊಳ್ಳುವುದು. “ನಮ್ಮ ಮನಿಯವರು ಯಲ್ಲಮ್ಮಗ ನಡಕೋತೀವಿ.” ಅಂದರೆ ಆ ದೇವರಿಗೆ ಸಲ್ಲಬೇಕಾದದ್ದನ್ನು ತಪ್ಪದೆ ಸಲ್ಲಿಸುತ್ತೇವೆ ಅಂತ. ಇದನ್ನು ಕೇಳಿ ನನಗೆ ಮೈ ಜುಂ ಅಂದಿತು. ಸಂಸ್ಕೃತ ‘ಚರ್’ ಇಟ್ಟುಕೊಂಡು ‘ಆಚರಿಸು’ ಮಾಡಿತು, ಕನ್ನಡ ‘ನಡೆ’ ಇಟ್ಟುಕೊಂಡು ‘ನಡೆದುಕೊಳ್ಳು’ ಮಾಡಿದೆ. ಎರಡೂ ನಡಿಗೆಯಿಂದಲೇ ಹುಟ್ಟಿವೆ!

ಈಗ ನನ್ನ ಪ್ರಶ್ನೆಗಳು. ‘ವಾರ ಹಿಡಿಯುವುದು’ ನಿಮ್ಮ ಕಡೆ ಇದೆಯಾ? ಇದ್ದರೆ ಅದರಲ್ಲಿ ಬರೀ ಕೆಲಸ ಬಿಡುವುದಷ್ಟೇನಾ, ಅಡುಗೆಗೂ ಕಟ್ಟಳೆ ಇದೆಯಾ? ಕರಾವಳಿ, ಮಲೆನಾಡಿನಲ್ಲಿ ಬೇರೆ ಮಾತು ಏನಿದೆ? ತುಳು, ಕೊಡವ, ಕೊಂಕಣಿ ಆಡುವವರೂ ದಯವಿಟ್ಟು ಹೇಳಿ. ‘ದಿನಾಚರಣೆ’ ಅನ್ನೋ ಒಂದೇ ಪದವಾಗಿ ಇದು ಅಚ್ಚಿನಲ್ಲಿ ಬಂದ ಹಳೆಯ ಪತ್ರಿಕೆ, ಆಮಂತ್ರಣ ಯಾರ ಹತ್ತಿರವಾದರೂ ಇದ್ದರೆ ಇಸವಿ ಸಮೇತ ತಿಳಿಸಿ.

ಆ ಹುಡುಗಿಗೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಶೋಕಾಚರಣೆಯ ಉದಾಹರಣೆ ಹೇಳಿದಾಗ, “ಹಂಗಾದ್ರೆ ನಮ್ಮಜ್ಜಿ ದಿನಾ ಆಚರಿಸ್ತಾರೆ ಸರ್, ಊಟಕ್ಕೆ ಮುಂಚೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಕೋತಾರೆ” ಅಂದಳು.