ಶಾಲೆಯ ಮಕ್ಕಳಿಗೆ ಊರಿನ ತರಕಾರಿಯ ರುಚಿ ಹಿಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪೆರ್ಲ ಕಡೆಯ ಟೀಚರ್:

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿದ್ದೇನೆ. ಮಧ್ಯಾಹ್ನದ ಊಟದಲ್ಲಿ ಮಕ್ಕಳು ತರಕಾರಿಯನ್ನೆಲ್ಲ ಬಟ್ಟಲಿನ ಬದಿಗೆ ತಳ್ಳುತ್ತಾರೆ. ಬಸಳೆಯ ದಂಟು ಕಂಡರೆ ಮುಖ ಸಿಂಡರಿಸುತ್ತಾರೆ. ಹೆಚ್ಚಿನವರ ಮನೆಯಲ್ಲಿ ಅಡಿಕೆ ತೋಟ ಇದೆ, ತರಕಾರಿ ಮಾತ್ರ ಪೇಟೆಯಿಂದಲೇ ಬರುವುದು. ತೊಂಡೆ ಬಳ್ಳಿಯಲ್ಲಿ ಆಗುವುದೋ ಗಿಡದಲ್ಲೋ ಎಂದು ಕೇಳಿದರೆ ಸುಮಾರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ವರ್ಷ ತರಕಾರಿ ತೋಟ ಮಾಡೋಣ ಎಂದು ಪಿ.ಟಿ.ಎ. (ಪೋಷಕ-ಶಿಕ್ಷಕ ಸಂಘ)ದವರು ಹೇಳುತ್ತಿದ್ದಾರೆ. ಶಾಲೆಯ ಹಿಂದೆ ಐದಾರು ಸೆಂಟ್ಸ್ ಜಾಗ ಇದೆ, ಅದೂ ಬರೀ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಹತ್ತಿರದ ಕೃಷಿಕರ ತೋಟಕ್ಕೂ ಕರೆದುಕೊಂಡು ಹೋಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡುವುದು, ಯಾವುದು ನಡೆಯುತ್ತದೆ, ಯಾವುದು ಸುಮ್ನೆ ಶ್ರಮ? ಮಾಡಿದವರು ದಯವಿಟ್ಟು ತಿಳಿಸಿ.

ಮುಳ್ಳೇರಿಯ ಕಡೆಯ ಮಾಷ್ಟ್ರು:

ಟೀಚರೇ, ಹಾರೆ ಹಿಡಿಯುವ ಮೊದಲು ಅಡುಗೆಕೋಣೆಗೆ ಹೋಗಿ. ಒಂದು ವಾರ ಊಟಕ್ಕೆ ಯಾವ ತರಕಾರಿ ಬಂತು, ಎಲ್ಲಿಂದ ಬಂತು, ಯಾವುದು ಜಾಸ್ತಿ ಉಳಿಯಿತು ಎಂದು ಮಕ್ಕಳಿಂದಲೇ ಬರೆಸಿ. ನಮ್ಮಲ್ಲಿ ಏಳನೆಯ ತರಗತಿಯವರು ಬರೆದರು. ಕ್ಯಾಬೇಜು, ಕ್ಯಾರೆಟ್, ಬೀಟ್ರೂಟು, ಬಟಾಟೆ, ಎಲ್ಲವೂ ಲಾರಿಯಲ್ಲಿ ದೂರದಿಂದ ಬಂದದ್ದು. ಅದೇ ವಾರ ಶಾಲೆಯ ಸುತ್ತಲಿನ ತೋಟಗಳಲ್ಲಿ ಏನೇನು ಇತ್ತು ಎಂದೂ ಬರೆಸಿದೆವು. ಬಾಳೆದಿಂಡು, ಪೂಂಬೆ (ಬಾಳೆಹೂ), ಪಪ್ಪಾಯಿ, ನುಗ್ಗೆಸೊಪ್ಪು, ಕೆಸು, ಗುಜ್ಜೆ (ಎಳೆ ಹಲಸು). ಗೊನೆ ಕಡಿದ ಮೇಲೆ ದಿಂಡು ತೋಟದಲ್ಲೇ ಕೊಳೆಯುತ್ತದೆ. ಗುಜ್ಜೆ ಬೆಳೆದು ಹಣ್ಣಾಗಿ ಮರದ ಬುಡದಲ್ಲೇ ಬಿದ್ದು ಹೋಗುತ್ತದೆ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಆದರೆ ನಮ್ಮ ಶಾಲೆಯ ಪಾತ್ರೆಗೆ ಅದು ಬಿದ್ದೇ ಇರಲಿಲ್ಲ. ಎರಡು ಪಟ್ಟಿಯನ್ನೂ ಬೋರ್ಡಿನಲ್ಲಿ ಪಕ್ಕಪಕ್ಕ ಬರೆದಾಗ ಮಕ್ಕಳೇ ಕೇಳಿದರು, “ಮಾಷ್ಟ್ರೇ, ನಮ್ಮ ಮನೆಯಿಂದ ತರಬಹುದಾ?” ಅಲ್ಲಿಂದ ಶುರುವಾಯಿತು.

ಇನ್ನೊಂದು ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಮಧ್ಯಾಹ್ನದ ಊಟದ ನಿಯಮದಲ್ಲಿ ಒಂದರಿಂದ ಐದನೆಯವರಿಗೆ ದಿನಕ್ಕೆ ತಲಾ 50 ಗ್ರಾಂ ತರಕಾರಿ, ಆರರಿಂದ ಎಂಟನೆಯವರಿಗೆ 75 ಗ್ರಾಂ. ಸಣ್ಣ ಮಕ್ಕಳು ನೂರು ಜನ ಇದ್ದರೂ ದಿನಕ್ಕೆ 5 ಕಿಲೋ ಬೇಕು. ಐದಾರು ಸೆಂಟ್ಸಿನಲ್ಲಿ ದಿನಾ ಇಷ್ಟು ಬರುವುದಿಲ್ಲ. ಬರಲೇಬೇಕು ಎಂದು ಹೊರಟರೆ ದೊಡ್ಡವರು ದುಡಿಯುವುದು, ಮಕ್ಕಳು ನೋಡುತ್ತಾ ನಿಲ್ಲುವುದು ಆಗಿಬಿಡುತ್ತದೆ. ಶಾಲೆಯ ತೋಟ ಮಕ್ಕಳ ಕೈಗೆ ಮಣ್ಣು ಹತ್ತಿಸಿ ರುಚಿ ಹಿಡಿಸಲಿಕ್ಕೆ. ವಾರಕ್ಕೊಂದು ದಿನ ತೋಟದ್ದು, ಉಳಿದ ದಿನಕ್ಕೆ ಸುತ್ತಲಿನ ಮನೆಗಳಿಂದ ಸಿಕ್ಕಿದಷ್ಟು, ಆಮೇಲೆ ಪೇಟೆಯದ್ದು. ಹೀಗೆ ಇಟ್ಟುಕೊಂಡರೆ ಯಾರಿಗೂ ಭಾರ ಇಲ್ಲ.

ನಮ್ಮ ಊರಿನಲ್ಲಿ ಶಾಲಾ ತೋಟ ಕೆಡುವುದು ಹೆಚ್ಚಾಗಿ ಶಾಲೆಯ ಕ್ಯಾಲೆಂಡರಿನಿಂದ. ಮಳೆಗಾಲದ ಮುಳ್ಳುಸೌತೆ, ಹೀರೆ, ಪಡವಲ, ಬೆಂಡೆಗೆ ಹಿರಿಯರು ಬೀಜ ಹಾಕುತ್ತಿದ್ದದ್ದು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ. ಆಗ ಶಾಲೆಗೆ ರಜೆ. ಜೂನ್‌ನಲ್ಲಿ ಶಾಲೆ ತೆರೆದು, ಉದ್ಘಾಟನೆ ಎಲ್ಲ ಮುಗಿಸಿ ಬೀಜ ಹಾಕುವಾಗ ಜಡಿಮಳೆ ಹಿಡಿದಿರುತ್ತದೆ, ಮೊಳಕೆಯೇ ಕೊಳೆಯುತ್ತದೆ. ಅದಕ್ಕೆ ಶಾಲೆಯ ಹತ್ತಿರ ಇರುವ ಒಬ್ಬರು ಅಮ್ಮನವರ ಹತ್ತಿರ ಹೇಳಿ ಮೇ ತಿಂಗಳಲ್ಲೇ ಸಸಿ ಮಾಡಿಸಿ ಇಡಿ. ಶಾಲೆ ತೆರೆದ ವಾರ ಮಕ್ಕಳು ನೆಡಲಿ. ಮುಖ್ಯ ಬೆಳೆ ಮಾತ್ರ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ. ಹರಿವೆ ಒಂದು ತಿಂಗಳಲ್ಲಿ ಕೀಳಲಿಕ್ಕಾಗುತ್ತದೆ. ಅಲಸಂಡೆಗೆ ಒಂದೂವರೆ, ಎರಡು ತಿಂಗಳು. ಮಾರ್ಚ್ ಪರೀಕ್ಷೆಯ ಮೊದಲು ಎಲ್ಲ ಕೊಯ್ದು ಆಗುತ್ತದೆ. ಮೊದಲ ವರ್ಷ ಹರಿವೆ, ಬಸಳೆ, ಅಲಸಂಡೆ, ಚೀನಿಕಾಯಿ (ಸಿಹಿಗುಂಬಳ), ಇಷ್ಟು ಸಾಕು. ಹೂಕೋಸಿನ ಆಸೆ ಬಿಡಿ.

ಮುರಕಲ್ಲನ್ನು ಅಗೆಯಲಿಕ್ಕೂ ಹೋಗಬೇಡಿ. ಅದರ ಮೇಲೆಯೇ ತೆಂಗಿನ ಸಿಪ್ಪೆ ಹಾಸಿ, ಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು, ಮೇಲ್ಮಣ್ಣು ಸೇರಿಸಿ ಒಂದು ಮೊಳ ಎತ್ತರದ ಮಡಿ ಮಾಡಿ. ನಮ್ಮ ಕಡೆ ಮಣ್ಣಿನಲ್ಲಿ ಹುಳಿ ಜಾಸ್ತಿ, ನೆಡುವ ಎರಡು ವಾರ ಮೊದಲು ಸ್ವಲ್ಪ ಕುಮ್ಮಾಯ (ಸುಣ್ಣ) ಸೇರಿಸಬೇಕು. ಎಷ್ಟು ಅಂತ ಪಂಚಾಯತಿನ ಕೃಷಿಭವನದಲ್ಲಿ ಕೇಳಿ. ಓಣಂಗೆ ಮೊದಲು ತರಕಾರಿ ಬೀಜದ ಪ್ಯಾಕೆಟ್ ಹಂಚುವುದೂ ಅವರೇ.

ಚೀನಿಕಾಯಿಯ ಹೆಸರು ಹೇಳಿದ್ದಕ್ಕೆ ಕಾರಣ ಇದೆ. ಮಕ್ಕಳಿಗೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಗಂಡು ಹೂವಿಗೆ ಉದ್ದದ ಸಪೂರ ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ದೊಡ್ಡ ಮಿಡಿ. ಮಳೆಗಾಲದಲ್ಲಿ ಜೇನುನೊಣ ಕಡಿಮೆ, ಮಿಡಿ ಹಳದಿಯಾಗಿ ಉದುರುತ್ತದೆ. ಬೆಳಗ್ಗೆ ಬೇಗ ಬರುವ ಮಕ್ಕಳಿಗೆ ಕೆಲಸ ಕೊಡಿ. ಗಂಡು ಹೂ ಕೊಯ್ದು, ಎಸಳು ಬಿಡಿಸಿ, ನಡುವೆ ಹಳದಿ ಹುಡಿ ಇರುವ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ತಾಗಿಸಬೇಕು. ಹೊತ್ತೇರಿದರೆ ಹೂ ಮುಚ್ಚಿಕೊಳ್ಳುತ್ತದೆ. ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ತಾನು ತಾಗಿಸಿದ ಹೂವಿನ ತೊಟ್ಟಿಗೆ ಕೆಂಪು ನೂಲು ಕಟ್ಟಿಟ್ಟಳು. ರಜೆಯ ದಿನವೂ ಅಪ್ಪನನ್ನು ಎಬ್ಬಿಸಿಕೊಂಡು ಬಂದು ನೋಡುತ್ತಿದ್ದಳು. ಆ ಕಾಯಿ ಸಾಂಬಾರಿಗೆ ಬಿದ್ದ ದಿನ ಅವಳ ತರಗತಿಯವರು ಎರಡನೇ ಸಲ ಹಾಕಿಸಿಕೊಂಡರು. ಪೇಟೆಯ ಚೀನಿಕಾಯಿಯನ್ನು ಬದಿಗೆ ತಳ್ಳುತ್ತಿದ್ದವರೂ ಅವರೇ.

ಮದ್ದು ಬಿಡುವ ವಿಷಯ. ಶಾಲೆಯ ತೋಟಕ್ಕೆ ಯಾವ ವಿಷವೂ ಬೇಡ. ಎಣ್ಮಕಜೆ ಪಂಚಾಯತಿನಲ್ಲಿ ಪಾಠ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ. 2000ದವರೆಗೆ ಗುಡ್ಡೆಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರು ಇದು. ಅದು ಇಳಿದು ಬಂದದ್ದು ನಮ್ಮ ಬಾವಿಗೆ, ನೀರಿನ ಸುರಂಗಕ್ಕೆ, ದನದ ಹಟ್ಟಿಗೆ. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ನಿಮ್ಮ ತರಗತಿಯಲ್ಲೂ ಆ ಕಷ್ಟ ಕಂಡ ಮನೆಯ ಮಕ್ಕಳು ಇರಬಹುದು. ಆಹಾರ ಯಾರು ಬೆಳೆಯುತ್ತಾರೆ, ಅದಕ್ಕೆ ಏನು ಹಾಕುತ್ತಾರೆ ಎಂದು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲೇಬೇಕು. ಹುಳ ಬಂದರೆ ಮಕ್ಕಳೇ ಹೆಕ್ಕಲಿ. ಬೇವಿನೆಣ್ಣೆ, ಬೆಳ್ಳುಳ್ಳಿ ಕಷಾಯ ಸಾಕು. ಅಷ್ಟಕ್ಕೂ ಹೋಗದಿದ್ದರೆ ಆ ಗಿಡ ಕಿತ್ತು ಬೇರೆ ನೆಡಿ.

ಕುಂಬಳೆ ಕಡೆಯ ಶಾಲೆಯಲ್ಲಿ ಅಡುಗೆ ಮಾಡುವವರು:

ಮಾಷ್ಟ್ರು ಹೇಳಿದ್ದು ಸರಿ, ಅಡುಗೆಯವರನ್ನು ಮೊದಲು ಕೇಳಿ. ಅಷ್ಟು ಮಕ್ಕಳಿಗೆ ಅಡುಗೆ ಮಾಡುವ ನಮಗೆ ಬೆಳಗ್ಗೆ ಒಂದು ಗೋಣಿ ಬಾಳೆದಿಂಡು ತಂದು ಇಟ್ಟರೆ ಅದನ್ನು ಹೆಚ್ಚಿ ನಾರು ತೆಗೆಯುವುದು ಯಾರು? ನಮ್ಮಲ್ಲಿ ಈಗ ಒಂದು ಕ್ರಮ ಇದೆ. ಮನೆಯಿಂದ ಏನು ಬರುತ್ತದೆ ಎಂದು ಹಿಂದಿನ ದಿನವೇ ತಿಳಿಸಬೇಕು. ದಿಂಡು, ಪೂಂಬೆ, ಗುಜ್ಜೆ ಬರುವ ದಿನ ಇಬ್ಬರು ಅಮ್ಮಂದಿರು ಒಂದು ಗಂಟೆ ಬಂದು ಹೆಚ್ಚಿ ಕೊಡುತ್ತಾರೆ. ಮಕ್ಕಳು ನುಗ್ಗೆಸೊಪ್ಪು ಬಿಡಿಸುತ್ತಾರೆ, ಅಲಸಂಡೆ ಮುರಿಯುತ್ತಾರೆ. ಕತ್ತಿ, ಮೆಟ್ಟುಕತ್ತಿ ಅವರ ಕೈಗೆ ಕೊಡುವುದಿಲ್ಲ.

ಬಸಳೆ ದಂಟು ತಿನ್ನದಿದ್ದರೆ ಎಳೆ ದಂಟನ್ನೇ ಆರಿಸಿ, ಸಣ್ಣ ತುಂಡು ಮಾಡಿ. ಹೆಸರುಕಾಳು, ತೆಂಗಿನಕಾಯಿ ಜಾಸ್ತಿ ಹಾಕಿ. ಹೊಸ ತರಕಾರಿಯನ್ನು ಮೊದಲ ದಿನವೇ ಬಟ್ಟಲು ತುಂಬ ಬಡಿಸಬೇಡಿ, ಒಂದು ಚಮಚ ಸಾಕು. ಎರಡು ಮೂರು ಸಲ ಕಂಡ ಮೇಲೆ ನಾಲಗೆಗೆ ಪರಿಚಯ ಆಗುತ್ತದೆ. ಒಂದೆಲಗದ ತಂಬುಳಿಯನ್ನು ನಮ್ಮ ಮಕ್ಕಳು ಮೊದಲು ಮುಟ್ಟಲೇ ಇಲ್ಲ. ಅಂಗಳದ ಬದಿಯಿಂದ ಅವರೇ ಕಿತ್ತು ತಂದ ಮೇಲೆ ಲೋಟದಲ್ಲಿ ಕೇಳಿ ಕುಡಿದರು. ಕೆಸುವಿನ ಎಲೆ ಮಾತ್ರ ಜಾಗ್ರತೆ, ಹುಳಿ ಸಾಕಷ್ಟು ಬೀಳದಿದ್ದರೆ ಗಂಟಲು ತುರಿಸುತ್ತದೆ. ಒಬ್ಬ ಮಗುವಿಗೆ ತುರಿಸಿದರೂ ಮತ್ತೆ ಯಾರೂ ತಿನ್ನುವುದಿಲ್ಲ. ಹಲಸಿನ ಕಾಲ ಬಂದಾಗ ಶಾಲೆಗೆ ರಜೆ ಅಲ್ವಾ, ಅದಕ್ಕೆ ಎರಡು ಮೂರು ಮನೆಯವರು ಶಾಲೆಗೆಂದೇ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಹಾಕಿ ಇಡುತ್ತಾರೆ. ಮಳೆಗಾಲದಲ್ಲಿ ಅದರ ಪಲ್ಯ ಮಾಡಿದ ದಿನ ಪಾತ್ರೆ ತೊಳೆಯುವುದು ಸುಲಭ.

ಬದಿಯಡ್ಕ ಕಡೆಯ ಕೃಷಿಕ:

ನಮ್ಮ ತೋಟಕ್ಕೆ ಹತ್ತಿರದ ಶಾಲೆಯ ಮಕ್ಕಳು ಬರುತ್ತಾ ಇದ್ದಾರೆ. ಟೀಚರೇ, ಬಸ್ ಮಾಡಿ ಇಡೀ ಶಾಲೆಯನ್ನು ಒಂದೇ ದಿನ ತಂದು ಇಳಿಸಬೇಡಿ. ಹಾಗೆ ಬಂದವರು ಸಾಲಾಗಿ ನಡೆದು, ಫೋಟೋ ತೆಗೆದು, ಶರಬತ್ತು ಕುಡಿದು ಹೋಗುತ್ತಾರೆ. ಕೃಷಿಕನಿಗೂ ಮಕ್ಕಳಿಗೂ ಒಂದು ಮಾತು ಆಡಲಿಕ್ಕೆ ಸಿಗುವುದಿಲ್ಲ. ನಡೆದು ಬರುವಷ್ಟು ಹತ್ತಿರದ ತೋಟ ನೋಡಿ. ಒಂದು ಸಲಕ್ಕೆ ಒಂದೇ ತರಗತಿ. ಆದರೆ ಅದೇ ತರಗತಿ ಮತ್ತೆ ಮತ್ತೆ ಬರಲಿ. ಗೆಣಸಿನ ಬಳ್ಳಿ ಊರುವಾಗ ಒಮ್ಮೆ, ಬಳ್ಳಿ ಹಬ್ಬಿದಾಗ ಒಮ್ಮೆ, ಅಗೆಯುವಾಗ ಒಮ್ಮೆ. ಅಗೆದ ಗೆಣಸನ್ನು ಅಲ್ಲೇ ಬೇಯಿಸಿ ಕೊಡುತ್ತೇವೆ. ಬಂದವರಿಗೆ ಏನಾದರೂ ಕೆಲಸ ಇರಲೇಬೇಕು. ಸುಮ್ನೆ ವಿವರಣೆ ಕೇಳುವುದು ಅವರಿಗೆ ತರಗತಿಯಲ್ಲೇ ಸಾಕಷ್ಟು ಇದೆ.

ಡಿಸೆಂಬರ್ ಹೊತ್ತಿಗೆ ತೋಡಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುವಾಗ ದೊಡ್ಡ ಮಕ್ಕಳನ್ನು ಕರೆಯಿರಿ. ಕಲ್ಲು, ಮಣ್ಣು, ಮರಳಿನ ಚೀಲ ದಾಟಿಸಲಿಕ್ಕೆ ಸಾಲಾಗಿ ನಿಲ್ಲಿಸುತ್ತೇವೆ, ನೀರು ಮೊಣಕಾಲಿನಷ್ಟು ಇರುವಲ್ಲಿ ಮಾತ್ರ. ಕಟ್ಟ ಕಟ್ಟಿ ಕೆಲವು ದಿನ ಕಳೆದ ಮೇಲೆ ಮತ್ತೆ ಕರೆದು ಪಕ್ಕದ ಬಾವಿ ತೋರಿಸಿ. ನೀರು ಎಷ್ಟು ಏರಿತು ಎಂದು ಅವರೇ ಹಗ್ಗ ಬಿಟ್ಟು ಅಳೆಯುತ್ತಾರೆ. ಏತಡ್ಕದ ಕಡೆ ಒಂದರ ಕೆಳಗೆ ಒಂದು ಕಟ್ಟ ಇರುವುದನ್ನು ತೋರಿಸಿದರೆ ಇನ್ನೂ ಒಳ್ಳೆಯದು. ಬೇಸಿಗೆಯ ಹರಿವೆಗೆ ನೀರು ಎಲ್ಲಿಂದ ಬಂತು ಎಂದು ಪುಸ್ತಕ ಇಲ್ಲದೆ ತಿಳಿಯುತ್ತದೆ.

ಗದ್ದೆ ಇಲ್ಲ ಎಂದು ಭತ್ತ ಬಿಡಬೇಡಿ. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕಿಂತ ಜಾಸ್ತಿ ಭತ್ತದ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಾಲಿಥಿನ್ ಚೀಲದಲ್ಲಿ ಭತ್ತ ಬೆಳೆಸಿ ತಳಿ ಉಳಿಸುವುದು ಅವರ ಕ್ರಮ. ಶಾಲೆಯ ಮೆಟ್ಟಿಲ ಬದಿಯಲ್ಲಿ ಚೀಲ ಇಡಲಿಕ್ಕೆ ಜಾಗ ಇಲ್ಲವಾ? ಒಂದೊಂದು ಮಗುವಿಗೆ ಒಂದೊಂದು ಚೀಲ ಕೊಡಿ. ತೆನೆ ಬಂದಾಗ ಒಂದು ಚೀಲದಿಂದ ಎಷ್ಟು ಅಕ್ಕಿ ಬಂತು ಎಂದು ಕೈಯಲ್ಲೇ ಸುಲಿದು ನೋಡಲಿ. ಆಮೇಲೆ ಬಟ್ಟಲಿನಲ್ಲಿ ಅನ್ನ ಬಿಡುವಾಗ ಕೈ ತಡೆಯುತ್ತದೆ.

ಬರುವ ಮೊದಲು ತೋಟದವರಲ್ಲಿ ಕೇಳಬೇಕಾದದ್ದು: ಕೆರೆಗೆ, ಬಾವಿಗೆ ಕಟ್ಟೆ ಇದೆಯಾ? ಅಡಿಕೆಗೆ ಬೋರ್ಡೋ ಮದ್ದು ಸಿಂಪಡಿಸುವ ದಿನ ಅಲ್ಲ ಅಲ್ವಾ? ತೋಟದ ಹುಲ್ಲು ಕೊಯ್ದಿದ್ದಾರಾ, ಹಾವಿನ ಭಯ ಇದೆ. ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಕೃಷಿಕನ ಅರ್ಧ ದಿನದ ಕೆಲಸ ನಿಲ್ಲುತ್ತದೆ ಎಂಬುದನ್ನೂ ನೆನಪಿಡಿ. ದುಡ್ಡು ಬೇಡ ಎಂದೇ ಹೇಳುತ್ತೇವೆ, ಆದರೆ ಆ ವಾರ ಊಟದ ತರಕಾರಿಯನ್ನು ನಮ್ಮಿಂದಲೇ ಪೇಟೆಯ ರೇಟಿಗೆ ತೆಗೆದುಕೊಂಡರೆ ಅದೇ ದೊಡ್ಡ ಮರ್ಯಾದೆ.

ತಾಳವಾಡಿಯ ಓದುಗರು:

ನಮ್ಮದು ಗಡಿಯಾಚೆ, ತಮಿಳುನಾಡಿನ ಕನ್ನಡದ ಊರು. ಇಲ್ಲಿ ಪಾಡು ಬೇರೆ. ಮಳೆ ಕಡಿಮೆ, ಆನೆ ಕಾಟ ಜಾಸ್ತಿ. ಶಾಲೆಯ ಹತ್ತಿರ ಆನೆಗೆ ಇಷ್ಟವಾದ ಬಾಳೆ, ಕಬ್ಬು ನೆಡುವ ಹಾಗೇ ಇಲ್ಲ. ನಾವು ಸೊಪ್ಪು, ಅವರೆ, ಒಂದು ಸಾಲು ರಾಗಿ ಇಷ್ಟೇ ಹಾಕುತ್ತೇವೆ. ರಾಗಿ ತೆನೆಯನ್ನು ಮಕ್ಕಳೇ ಕೊಯ್ದು, ಬಡಿದು, ಕೇರಿ, ಒಬ್ಬರ ಮನೆಯ ಬೀಸುಕಲ್ಲಿನಲ್ಲಿ ಬೀಸಿದರು. ಹಿಟ್ಟು ಬಂದದ್ದು ಸ್ವಲ್ಪವೇ, ಅಂಬಲಿ ಮಾಡಿ ಎಲ್ಲರಿಗೂ ಅರ್ಧರ್ಧ ಲೋಟ ಕೊಟ್ಟೆವು. ಅಜ್ಜಿಯಂದಿರನ್ನು ಕರೆದದ್ದು ಬಹಳ ಒಳ್ಳೆಯದಾಯಿತು. ಮೊರ ಹಿಡಿಯುವುದು ಹೇಗೆ ಎಂದು ಟೀಚರುಗಳೂ ಅವರಿಂದಲೇ ಕಲಿತರು.

ಪೆರ್ಲ ಕಡೆಯ ಟೀಚರ್:

ಎಲ್ಲರಿಗೂ ತುಂಬಾ ಉಪಕಾರ. ಪಟ್ಟಿ ಬರೆಸುವ ಕೆಲಸ ಈ ಸೋಮವಾರವೇ ಶುರು ಮಾಡುತ್ತೇನೆ. ಅಡುಗೆಯ ಅಕ್ಕನ ಹತ್ತಿರ ಇವತ್ತು ಮಾತಾಡಿದೆ, ಅಮ್ಮಂದಿರು ಹೆಚ್ಚಿ ಕೊಡುವುದಾದರೆ ತಾನು ತಯಾರು ಎಂದರು. ಒಂದೇ ಸಂಶಯ ಉಳಿದಿದೆ. ನಮ್ಮಲ್ಲಿ ಹಂದಿ, ನವಿಲು, ಮಂಗ ಮೂರೂ ಇವೆ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಬೇರೆ. ಮಕ್ಕಳು ನೆಟ್ಟದ್ದು ಒಂದು ರಾತ್ರಿಯಲ್ಲಿ ಹೋದರೆ ಅವರ ಮನಸ್ಸು ಮುರಿಯುತ್ತದಲ್ಲ?

ಬದಿಯಡ್ಕ ಕಡೆಯ ಕೃಷಿಕ:

ಸ್ವಲ್ಪ ಹೋಗಿಯೇ ಹೋಗುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಕೃಷಿಕನ ಮನೆಯಲ್ಲೂ ಹಾಗೇ ಅಲ್ವಾ. ಕುಂಬಳೆ, ಮಂಜೇಶ್ವರ ಕಡಲ ಬದಿಯಲ್ಲಿ ಹಳೇ ಮೀನುಬಲೆ ಸಿಗುತ್ತದೆ. ಐದಾರು ಸೆಂಟ್ಸ್ ಸುತ್ತ ಅದನ್ನು ಎರಡು ಸುತ್ತು ಕಟ್ಟಿದರೆ ನವಿಲು ಒಳಗೆ ಬರುವುದಿಲ್ಲ. ಹಂದಿಗೆ ಬಲೆಯ ಬುಡದಲ್ಲಿ ಮುರಕಲ್ಲು ಒತ್ತಾಗಿ ಇಡಿ, ಕಲ್ಲಿಗೆ ನಿಮ್ಮಲ್ಲಿ ಬರ ಇಲ್ಲವಲ್ಲ. ಮಂಗನಿಗೆ ಪೂರ್ತಿ ಪರಿಹಾರ ನನ್ನ ಹತ್ತಿರವೂ ಇಲ್ಲ. ಹೊರಗಿನ ಸಾಲಿಗೆ ಹಾಗಲ, ಗಾಂಧಾರಿ ಮೆಣಸು, ಅರಿಶಿನ ಹಾಕಿ. ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲಿ ಸೇರಿಕೊಂಡಿರುತ್ತವೆ. ದೊಡ್ಡವರು ಇಕ್ಕಳದಲ್ಲಿ ಹೆಕ್ಕಿ ಉಪ್ಪುನೀರಿಗೆ ಹಾಕಲಿ, ಮಕ್ಕಳು ಬರಿಗೈಯಲ್ಲಿ ಮುಟ್ಟುವುದು ಬೇಡ. ಹರಿವೆ, ಅಲಸಂಡೆ ಬೀಜ ಊರಿನದ್ದೇ ನನ್ನಲ್ಲಿದೆ, ಬಸಳೆಯ ಬಳ್ಳಿಯೂ ಇದೆ. ಪೇಟೆಗೆ ಬರುವ ದಿನ ತಿಳಿಸಿ, ಕಟ್ಟಿ ತಂದುಕೊಡುತ್ತೇನೆ.