"ಆಯ್ತು" ಅಂದರೆ ಮುಗಿಯಿತು ಅಂತಲಾ, ಮಾಡ್ತೀನಿ ಅಂತಲಾ?

ಹೊಸ ಟೀಮ್ ಲೀಡ್:
ಐದು ಜನರ ತಂಡ ನೋಡಿಕೊಳ್ಳುತ್ತಾ ಮೂರು ತಿಂಗಳಾಯಿತು. ಹೋದ ಗುರುವಾರ ತಂಡದ ಒಬ್ಬರಿಗೆ "ತಿದ್ದಿದ ಫೈಲ್ ಕಸ್ಟಮರ್‌ಗೆ ಕಳಿಸಿ" ಎಂದು ಚಾಟ್‌ನಲ್ಲಿ ಹಾಕಿದೆ. ನಾಲ್ಕು ಗಂಟೆಗೆ "ಆಯ್ತು" ಅಂತ ಬಂತು. ಹೋಗಿದೆ ಅಂದುಕೊಂಡು ಕಸ್ಟಮರ್‌ಗೆ ಫೋನ್ ಮಾಡಿ "ಫೈಲ್ ಬಂದಿದೆ, ನೋಡಿ" ಎಂದೆ. ಬಂದೇ ಇರಲಿಲ್ಲ. ಅವರು ಹೇಳಿದ್ದು "ಆಯ್ತು, ಕಳಿಸ್ತೀನಿ" ಅನ್ನೋ ಅರ್ಥದಲ್ಲಿ.

ಮೀಟಿಂಗ್‌ನಲ್ಲಿ ಎಲ್ಲರ ಮುಂದೆ "ಆಯ್ತು ಅಂದ್ರಲ್ಲ?" ಅಂತ ಕೇಳಿಬಿಟ್ಟೆ. ಅವತ್ತಿನಿಂದ ಅವರು ಪ್ರತಿ ಮೇಲ್‌ಗೂ ನನ್ನನ್ನು ಸಿಸಿಯಲ್ಲಿ ಹಾಕುತ್ತಾರೆ. ನಾನೂ ಅವರನ್ನು ಎಲ್ಲದಕ್ಕೂ ಎರಡೆರಡು ಸಲ ಕೇಳುತ್ತಿದ್ದೇನೆ. ಇದನ್ನು ಸರಿಮಾಡೋದು ಹೇಗೆ?

ರಾತ್ರಿ ಪಾಳಿ:
ನಾನು ನರ್ಸ್. ಡಾಕ್ಟರ್ ಫೋನಿನಲ್ಲಿ ಔಷಧಿ ಹೇಳಿದರೆ ಬರೆದುಕೊಂಡು, ಹೆಸರು, ಡೋಸ್ ಎರಡನ್ನೂ ಅವರಿಗೇ ಓದಿ ಹೇಳುತ್ತೇವೆ. ಫಿಫ್ಟೀನಾ, ಫಿಫ್ಟಿಯಾ? ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ. ಅದಕ್ಕೆ "ಒನ್ ಫೈವ್" ಎಂದು ಬಿಡಿಸಿ ಹೇಳುತ್ತೇವೆ. ಮೊದಲ ವಾರ ನನ್ನನ್ನು ನಂಬುತ್ತಿಲ್ಲ ಅನ್ನಿಸಿತ್ತು. ಇಪ್ಪತ್ತು ವರ್ಷದ ಅನುಭವ ಇರೋ ಸಿಸ್ಟರ್ ಕೂಡ ಹಾಗೇ ಮಾಡೋದು ನೋಡಿದ ಮೇಲೆ ಆ ಬೇಜಾರು ಹೋಯಿತು. ನೀವು ಅವರೊಬ್ಬರನ್ನೇ ಎರಡು ಸಲ ಕೇಳುತ್ತಿದ್ದೀರಿ, ಅಲ್ವಾ? ಅದೇ ಚುಚ್ಚೋದು.

ಕಿಟಕಿ ಸೀಟು:
ನಿಮ್ಮ "ಆಯ್ತು" ಓದಿ ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ದುರಂತ ನೆನಪಾಯಿತು. 1977ರ ಮಾರ್ಚ್ 27. ಮಂಜು ಕವಿದ ರನ್‌ವೇಯಲ್ಲಿ ಪೈಲಟ್ ಒಬ್ಬರು "ನಾವೀಗ ಟೇಕಾಫ್‌ನಲ್ಲಿದ್ದೇವೆ" ಎಂದರು. ಟವರ್‌ನಿಂದ "ಓಕೆ" ಬಂತು, ಹಿಂದೆಯೇ "ಕಾಯಿರಿ" ಕೂಡ. ಅಷ್ಟರಲ್ಲಿ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ "ಓಕೆ" ಮಾತ್ರ ಸರಿಯಾಗಿ ಕೇಳಿಸಿತು. ಎರಡು ವಿಮಾನ ಡಿಕ್ಕಿಯಾಗಿ 583 ಜನ ಹೋದರು. ಆಮೇಲೆ "ಟೇಕಾಫ್" ಅನ್ನೋ ಪದವನ್ನು ಅನುಮತಿ ಕೊಡುವಾಗ, ಇಲ್ಲವೇ ಹಿಂದಕ್ಕೆ ಪಡೆಯುವಾಗ ಮಾತ್ರ ಬಳಸಬೇಕು ಎಂದಾಯಿತು. ನಿಮ್ಮ ತಂಡದಲ್ಲೂ "ಆಯ್ತು" ಬಿಟ್ಟು "ಕಳಿಸಿದೆ" ಅಥವಾ "ಇಷ್ಟು ಹೊತ್ತಿಗೆ ಕಳಿಸ್ತೀನಿ" ಅನ್ನಿ. ನೀವೂ ಸೇರಿ.

ಮೂರನೇ ಮಹಡಿ:
ಹಿಂದಿನ ಕೆಲಸದಲ್ಲಿ ನಾನೂ ಹೀಗೇ ಸಿಸಿ ಹಾಕುತ್ತಿದ್ದೆ. ಸಾಕ್ಷಿ ಇರಲಿ ಅಂತ. ಹೆದರಿಕೆ ಅದು. ನಮ್ಮ ಮ್ಯಾನೇಜರ್ ಆಮೇಲೆ ಕ್ಯಾಬಿನ್‌ಗೆ ಕರೆದು "ಸಾರಿ" ಎಂದರು. ಮಾತು ಕೇಳಿದ್ದು ಹತ್ತು ಜನರ ಮುಂದೆ, ಸಾರಿ ಕೇಳಿಸಿದ್ದು ನನಗೊಬ್ಬಳಿಗೇ. ಕೇಳೋದಾದರೆ ಅದೇ ಮೀಟಿಂಗ್‌ನಲ್ಲಿ ಕೇಳಿ. "ಆದರೆ" ಸೇರಿಸಬೇಡಿ.

ಹೊಸ ಟೀಮ್ ಲೀಡ್:
ಸೋಮವಾರ ಮೀಟಿಂಗ್‌ನಲ್ಲೇ ಹೇಳಿದೆ: "ನಾನು ತಪ್ಪಾಗಿ ತಿಳಿದುಕೊಂಡೆ, ಎಲ್ಲರ ಮುಂದೆ ನಿಮ್ಮನ್ನು ಕೇಳಿದ್ದು ತಪ್ಪು." ಅವರು ತಲೆಯಾಡಿಸಿದರು, ಅಷ್ಟೇ. ಸಿಸಿ ಇನ್ನೂ ನಿಂತಿಲ್ಲ. ಆದರೆ ಇವತ್ತು ಮಧ್ಯಾಹ್ನ ನಾನು ಕೇಳುವ ಮೊದಲೇ ಮೆಸೇಜ್ ಬಂತು: "ಇನ್ನೂ ಕಳಿಸಿಲ್ಲ. ಮೂರನೇ ಪುಟದ ಲೆಕ್ಕ ತಾಳೆ ಆಗುತ್ತಿಲ್ಲ. ಐದು ಗಂಟೆಗೆ ಹೇಳ್ತೀನಿ."